ತೊಂಬತ್ತು ಡಿಗ್ರಿ ತಿರುಗಿದ ಊರು

ಮೂವತ್ತಮೂರು ವರ್ಷ ನಾನು ಸರ್ವೆಯರನಾಗಿದ್ದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ಹೊಲ, ಹಿತ್ತಿಲು, ಕೆರೆ, ಗುಡಿ, ಗೋರಿಗಳ ಮೂಲೆಗಳನ್ನು ಅಳೆದು ಕಾಗದದ ಮೇಲೆ ಕೂರಿಸುವುದೇ ನನ್ನ ಹೊಟ್ಟೆಪಾಡು. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಡ್ತಿ ತಡವಾಗಿ ಬಂತು, ಶಾಲು ತೆಳ್ಳಗಿತ್ತು, ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಹೊಸದಾಗಿ ಈ ಕೆಲಸಕ್ಕೆ ಬರುವವರ ಕೈಗೆ ಒಂದು ಕೋಲು ಕೊಡುತ್ತಾರೆ. ಆ ಕೋಲು ಆಕಾಶದಲ್ಲಿರುವ ಉಪಗ್ರಹಗಳ ಜೊತೆ ಮಾತಾಡಿ, ನೀವು ನಿಂತ ಜಾಗಕ್ಕೆ ಎರಡು ಅಂಕಿ ಹೇಳುತ್ತದೆ. ಅದನ್ನು ನೋಡಿ, ಇನ್ನು ಸರ್ವೆಯರ್ ತಪ್ಪು ಮಾಡುವ ಕಾಲ ಮುಗಿಯಿತು ಎಂದು ಅವರು ತಿಳಿದಿದ್ದಾರೆ. ಆ ಭ್ರಮೆ ಬಿಡಿಸಲಿಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಒಂದು ಇಡೀ ಊರನ್ನು, ಗುಡಿ, ಶಾಲೆ, ದನಕರು ಸಮೇತ, ತೊಂಬತ್ತು ಡಿಗ್ರಿ ತಿರುಗಿಸಿದವನು. ಅದರಿಂದ ಫಕ್ಕೀರವ್ವ ಎಂಬ ಹೆಂಗಸಿನ ಮನೆ ಹೋಗಿ ಕೆರೆಯೊಳಗೆ ಕುಳಿತಿತು. ಅದನ್ನು ಹೊರಗೆ ತೆಗೆಯುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಮೊದಲು ನಮ್ಮ ಕಾಲದ ಪದ್ಧತಿ ಹೇಳುತ್ತೇನೆ. ನನಗೆ ಕೆಲಸ ಕಲಿಸಿದವರು ದೇಸಾಯಿ ಮಾಸ್ತರರು. ಅವರು ಶಾಲೆಯ ಮಾಸ್ತರರಲ್ಲ, ನಮ್ಮ ಕಚೇರಿಯ ಹಿರಿಯ ಸರ್ವೆಯರು; ಬೈಯುವ ಶೈಲಿಯಿಂದ ಆ ಹೆಸರು ಬಂದಿತ್ತು. ಮೊದಲ ದಿನವೇ ನನ್ನ ಕೈಗೆ ಕಬ್ಬಿಣದ ಸರಪಳಿ ಕೊಟ್ಟು ಹೊಲದ ನಡುವೆ ನಿಲ್ಲಿಸಿದರು. ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಒಂದು ಗೆರೆ ಹಿಡಿಯಬೇಕು. ಅದಕ್ಕೆ ಬೇಸ್ ಲೈನ್ ಎಂದು ಹೆಸರು. ಆ ಗೆರೆಯ ಮೇಲೆ ಸರಪಳಿ ಎಳೆಯುತ್ತ ನಡೆಯಬೇಕು. ಹೊಲದ ಯಾವುದಾದರೂ ಮೂಲೆ ನೇರ ಪಕ್ಕಕ್ಕೆ ಬಂದಾಗ ನಿಂತು, ಎಷ್ಟು ದೂರ ನಡೆದೆ ಎಂದು ಬರೆಯಬೇಕು. ಅಲ್ಲಿಂದ ಆ ಮೂಲೆ ಎಡಕ್ಕೋ ಬಲಕ್ಕೋ ಎಷ್ಟು ದೂರ ಎಂದು ಅಳೆದು ಬರೆಯಬೇಕು.

“ಮುಂದ ಎಷ್ಟು, ಬಾಜೂಕ ಎಷ್ಟು,” ಎಂದರು ಮಾಸ್ತರರು. “ಜಗತ್ತಿನ್ಯಾಗ ಯಾವ ಮೂಲಿನೂ ಈ ಎರಡ ಅಂಕಿಗೆ ಸಿಗತೈತಿ. ಮೂರನೇದ್ದು ಏನಾರ ಬೇಕಾತಂದ್ರ ಅದು ನಿನ್ನ ಹಣೇಬರ.”

ಈ ಅಂಕಿಗಳನ್ನು ಬರೆಯುವ ಪುಸ್ತಕಕ್ಕೆ ಟಿಪ್ಪಣಿ ಎನ್ನುತ್ತೇವೆ. ಸಂಜೆ ಕಚೇರಿಗೆ ಬಂದು, ಟಿಪ್ಪಣಿ ನೋಡಿ, ಚೌಕಳಿ ಕಾಗದದ ಮೇಲೆ ಅಷ್ಟು ಮನೆ ಮುಂದೆ, ಇಷ್ಟು ಮನೆ ಪಕ್ಕಕ್ಕೆ ಎಣಿಸಿ ಚುಕ್ಕೆ ಇಡುವುದು, ಚುಕ್ಕೆ ಕೂಡಿಸಿದರೆ ಹೊಲ. ಇದು ಹುಲಿ-ಕುರಿ ಆಟದಷ್ಟು ಸುಲಭ ಎಂದು ನಾನು ತಿಳಿದೆ. ಹಂಸಭಾವಿ ಕಡೆಯ ನನ್ನ ಮೊದಲ ಹೊಲದಲ್ಲಿ ‘ಮುಂದೆ’ಯ ಅಂಕಿಗಳನ್ನೆಲ್ಲ ‘ಪಕ್ಕ’ದ ಸಾಲಿನಲ್ಲಿ, ‘ಪಕ್ಕ’ದ್ದನ್ನು ‘ಮುಂದೆ’ಯ ಸಾಲಿನಲ್ಲಿ ಬರೆದಿದ್ದೆ. ಹೊಲ ಅಪ್ಪಟ ಚೌಕವಾಗಿತ್ತು. ಅದಲುಬದಲಾದರೂ ಚೌಕ ಚೌಕವೇ ಅಲ್ಲವೇ? ಯಾರಿಗೂ ಗೊತ್ತಾಗಲಿಲ್ಲ. ಮಾಸ್ತರರು ಬೆನ್ನು ಚಪ್ಪರಿಸಿದರು. ನನಗೆ ಕೋಡು ಮೂಡಿತು.

ಮುಂದಿನ ವಾರ ಸವಣೂರಿನ ಒಂದು ಎಲೆತೋಟ. ಅಣ್ಣತಮ್ಮಂದಿರ ಪಾಲಿನ ಜಗಳ, ತೋಟವೋ ಮೊಣಕೈಯಂತೆ ಮಡಚಿಕೊಂಡದ್ದು. ಎಡದ ಅಂಕಿಗಳನ್ನು ಬಲಕ್ಕೆ, ಬಲದವನ್ನು ಎಡಕ್ಕೆ ಇಟ್ಟು ಚಂದದ ನಕ್ಷೆ ಮಾಡಿದೆ. ಅಣ್ಣ ಅದನ್ನು ಹಿಂದೆ ಮುಂದೆ ನೋಡಿ ಹೇಳಿದ: “ತ್ವಾಟ ನಂದ ಹೌದರಿ ಸಾಹೇಬ್ರ. ಆದ್ರ ಕನ್ನಡ್ಯಾಗ ನೋಡಿದಂಗ ಐತಿ.”

ಕನ್ನಡಿಯಲ್ಲಿ ಬಾವಿ ತಮ್ಮನ ಪಾಲಿಗೆ ಹೋಗಿತ್ತು. ತಮ್ಮ ಮಾತ್ರ, “ಸರಕಾರದ ಕಾಗದಾ ಸುಳ್ಳ ಹೇಳೂದಿಲ್ಲ ಬಿಡ್ರಿ, ಇರಲಿ,” ಎಂದು ಕೈ ಮುಗಿದ. ಮಾಸ್ತರರು ನಕ್ಷೆಯನ್ನು ಬೋರಲು ಹಾಕಿ ಕಿಟಕಿಯ ಗಾಜಿಗೆ ಒತ್ತಿ, ಹಿಂಬದಿಯಿಂದ ಬೇರೆ ಕಾಗದಕ್ಕೆ ಇಳಿಸಿಕೊಳ್ಳಲು ಹೇಳಿದರು. ಹತ್ತು ನಿಮಿಷದಲ್ಲಿ ಬಾವಿ ಅಣ್ಣನಿಗೆ ವಾಪಸ್ಸು ಬಂತು. ಕಾಗದದ ತಪ್ಪನ್ನು ಕಾಗದದಲ್ಲೇ ತಿದ್ದಬಹುದು ಎಂಬ ಧೈರ್ಯ ನನಗೆ ಆಗಲೇ ಬಂದದ್ದು, ಅದು ಒಳ್ಳೆಯದಾಗಲಿಲ್ಲ.

ಇಷ್ಟಾದ ಮೇಲೆ ಊರಿನ ವಿಷಯ. ಹೆಸರು ಬೇಡ, ಕೆಳಗಿನಹಳ್ಳಿ ಎನ್ನೋಣ. ಹಾನಗಲ್ಲದಿಂದ ಶಿಗ್ಗಾಂವಿ ಕಡೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಎಪ್ಪತ್ತು ಮನೆಯ ಊರು. ಮೂಡಲಿಂದ ಪಡುವಲಿಗೆ ಸವತೆಕಾಯಿಯಂತೆ ಉದ್ದ. ಬಡಗಲ ಬೆನ್ನಿಗೆ ಕೆರೆ, ಪಡುವಲ ತುದಿಗೆ ಸ್ಮಶಾನ. ಮನೆಮನೆಯ ಮೂಲೆ ಅಳೆದು ಊರಿನ ನಕ್ಷೆ ಮಾಡಲು ನನ್ನನ್ನು ಕಳಿಸಿದ್ದರು. ಆಗ ನನಗೆ ಮದುವೆಯೂ ಆಗಿರಲಿಲ್ಲ.

ಊರಿನ ಮೂಡಲ ತುದಿಯಲ್ಲಿ ಒಂದು ಕಲ್ಲು ಹೂಳಿಸಿ, ಅಲ್ಲಿಂದ ಬೇಸ್ ಲೈನ್ ಶುರು ಮಾಡಿದೆ. ಇನ್ನೊಂದು ಕಲ್ಲು ಗುಡಿಯ ಹತ್ತಿರ, ಮೂರನೆಯದು ಕೆರೆಯ ಏರಿಗೆ. ಹನ್ನೊಂದು ದಿನ ಅಳೆದು, ಕರಡು ನಕ್ಷೆಯನ್ನು ಗುಡಿಕಟ್ಟೆಯ ಮೇಲೆ ಹಿರಿಯರ ಮುಂದೆ ಹಾಸಿದೆ. ಉತ್ತರ ಮೇಲೆ, ದಕ್ಷಿಣ ಕೆಳಗೆ, ಪುಸ್ತಕದಲ್ಲಿ ಇದ್ದಂತೆ. ಊರಿನ ಹಿರಿಯ ಗೌಡಪ್ಪಜ್ಜ ಅದನ್ನು ನೋಡಿ ಕಾಲು ಹಿಂದಕ್ಕೆ ಎಳೆದುಕೊಂಡ.

“ತಮ್ಮಾ, ಮ್ಯಾಲ ಯಾವ ದಿಕ್ಕ ಇದು?”

“ಉತ್ತರ ರೀ ಅಜ್ಜಾರ.”

“ಉತ್ತರಕ್ಕ ತೆಲಿ ಮಾಡಿ ಊರ ಮಲಗಿಸೀ ಏನ? ಉತ್ತರಕ್ಕ ತೆಲಿ ಇಟ್ಟು ಯಾರ ಮಲಗತಾರೋ? ಹೆಣಾ ಮಲಗತೈತಿ!”

ಕಟ್ಟೆಯ ಮೇಲಿದ್ದವರೆಲ್ಲ ಹೌದಹೌದೆಂದರು. ಒಬ್ಬ, ಹೋದ ವರ್ಷ ಊರಿಗೆ ಬಂದ ಬೇನೆಗೂ ಇದೇ ಕಾರಣ ಎಂದ, ನಕ್ಷೆ ಹುಟ್ಟಿ ಹನ್ನೊಂದು ದಿನವಾಗಿತ್ತು ಅಷ್ಟೇ. ಊರನ್ನು ಮೂಡಲಕ್ಕೆ ತಲೆ ಮಾಡಿ ಮಲಗಿಸದಿದ್ದರೆ ಒಬ್ಬರೂ ಸಹಿ ಹಾಕುವುದಿಲ್ಲ ಎಂದರು. ನನಗೂ ಬೇಸತ್ತಿತ್ತು. ಕಚೇರಿಗೆ ಬಂದು ಹೊಸ ಹಾಳೆಯ ಮೇಲೆ ಪೂರ್ವವನ್ನು ಮೇಲೆ ಮಾಡಿ ಇಡೀ ಊರನ್ನು ಮತ್ತೆ ಬರೆದೆ. ಪುಣ್ಯಕ್ಕೆ ಮೂಲೆಯಲ್ಲಿ ಒಂದು ಬಾಣ ಹಾಕಿ, ಉತ್ತರ ಎಡಕ್ಕಿದೆ ಎಂದು ತೋರಿಸಿದ್ದೆ. ಪಾಪಕ್ಕೆ ಅದನ್ನು ಪೆನ್ಸಿಲಿನಲ್ಲಿ ಹಾಕಿದ್ದೆ. ಶಾಯಿ ಆಮೇಲೆ ಹಚ್ಚಿದರಾಯಿತು ಎಂದು.

ಹೊಸ ನಕ್ಷೆ ನೋಡಿ ಕೆಳಗಿನಹಳ್ಳಿಗೆ ಆನಂದವಾಯಿತು. ಗೌಡಪ್ಪಜ್ಜ ಅದಕ್ಕೆ ಪೂಜೆ ಮಾಡಿಸಿದ. ಹಾಳೆಯಲ್ಲಿ ಖಾಲಿ ಇದ್ದ ಜಾಗ ಆ ಬಾಣದ ಮೂಲೆ ಒಂದೇ. ಅಲ್ಲಿಗೇ ಕುಂಕುಮ ಹಚ್ಚಿದರು. ದೇಸಾಯಿ ಮಾಸ್ತರರು ಅದನ್ನು ಕಂಡು, “ಇದು ಸರಕಾರಿ ಕಾಗದೋ ಸತ್ಯನಾರಾಯಣ ಪೂಜೆದ್ದೋ? ಒರಸು!” ಎಂದು ಗುಡುಗಿದರು. ರಬ್ಬರ್ ತೆಗೆದುಕೊಂಡು ತಿಕ್ಕಿದೆ. ಕುಂಕುಮದ ಕಲೆ ಉಳಿಯಿತು, ಬಾಣ ಹೋಯಿತು. ಅಷ್ಟರಲ್ಲಿ ಬೇರೆ ಊರಿನ ಕೆಲಸ ಬಂತು. ಶಾಯಿ ಹಚ್ಚುವುದು ಉಳಿದೇ ಹೋಯಿತು.

ಇಪ್ಪತ್ತೆಂಟು ವರ್ಷ ಆ ನಕ್ಷೆ ಕಚೇರಿಯ ಕಾಗದದ ಗಂಟಿನಲ್ಲಿ ಸುಮ್ಮನೆ ಮಲಗಿತ್ತು. ಊರಿನ ಜನ ತಮ್ಮ ಮನೆ ಎಲ್ಲಿದೆ ಎಂದು ಕಾಗದ ನೋಡಿ ಹೋಗುವವರಲ್ಲವಲ್ಲ. ಆಮೇಲೆ ಡ್ರೋನ್ ಬಂತು, ಕಂಪ್ಯೂಟರ್ ಬಂತು. ಹಳೆಯ ನಕ್ಷೆಗಳ ಒಂದೊಂದು ಮೂಲೆಗೂ ಎರಡೆರಡು ಅಂಕಿ ಕೊಟ್ಟು, ಇಡೀ ಸೀಮೆಯನ್ನು ಒಂದೇ ದೊಡ್ಡ ಚೌಕಳಿಯ ಮೇಲೆ ಕೂರಿಸುವ ಕೆಲಸ ಶುರುವಾಯಿತು. ನಾನು ಆಗ ನಿವೃತ್ತಿಯ ಹೊಸ್ತಿಲಲ್ಲಿದ್ದೆ. ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಶಬಾನಾ, ಸವಣೂರಿನ ಹುಡುಗಿ, ಲೆಕ್ಕದಲ್ಲಿ ಚುರುಕು, ನನ್ನನ್ನು ಕಂಡರೆ ಅವಳಿಗೆ ಮರ್ಯಾದೆಯೂ ಇತ್ತು, ನಗುವೂ ಬರುತ್ತಿತ್ತು. ನಮ್ಮಿಬ್ಬರ ಮೇಲೆ ಪಾಟೀಲ ಸಾಹೇಬರು. ಅವರು ಕಣ್ಣಿಗೆ ಕಂಡದ್ದನ್ನು ನಂಬುತ್ತಿರಲಿಲ್ಲ, ಕಾಗದದಲ್ಲಿ ಕಂಡದ್ದನ್ನು ಬಿಡುತ್ತಿರಲಿಲ್ಲ. ಬಾಣ ಇಲ್ಲದ ಹಾಳೆಗೆ ಮೇಲ್ಭಾಗವೇ ಉತ್ತರ ಎಂದು ಅವರ ಆದೇಶವಿತ್ತು. ಅಲ್ಲಿಗೆ ಕೆಳಗಿನಹಳ್ಳಿ ಸದ್ದಿಲ್ಲದೆ ತಿರುಗಿ ನಿಂತಿತು. ಮೂಡಲ ತುದಿ ಬಡಗಲಕ್ಕೆ ಚಾಚಿ, ನಿಜವಾದ ಕೆರೆಯ ಮೇಲೆ ಹೋಗಿ ಮಲಗಿತು.

ಮೂಡಲ ತುದಿಯಲ್ಲಿ ಇದ್ದದ್ದು ಎರಡು ಬಣವೆ, ಒಂದು ತಿಪ್ಪೆ, ಮತ್ತು ಫಕ್ಕೀರವ್ವನ ಮನೆ. ಗಂಡ ತೀರಿಕೊಂಡ ಮೇಲೆ ಅವಳು ಅಡುಗೆಮನೆಯಲ್ಲಿ ಎರಡು ಒಲೆ ಹೂಡಿ ಜೋಳದ ರೊಟ್ಟಿ ಬಡಿದು ಶಿಗ್ಗಾಂವಿಯ ಖಾನಾವಳಿಗಳಿಗೆ ಕೊಡುತ್ತಿದ್ದಳು. ಕೆರೆಗಳ ಒತ್ತುವರಿ ತೆರವಿನ ಆದೇಶ ಬಂದಿದ್ದ ಕಾಲವದು. ಕೆರೆಯ ನಡುಮಧ್ಯದಲ್ಲಿ ಮನೆ ಕಟ್ಟಿಕೊಂಡಿದ್ದೀರಿ, ಹದಿನೈದು ದಿನದಲ್ಲಿ ಖಾಲಿ ಮಾಡದಿದ್ದರೆ ಯಂತ್ರ ಬಂದು ಕೆಡವುತ್ತದೆ ಎಂದು ಅವಳಿಗೆ ನೋಟಿಸ್ ಹೋಯಿತು.

ಸ್ಥಳ ಪರಿಶೀಲನೆಗೆ ನಾವು ಮೂವರೂ ಹೋದೆವು. ಬೇಸಿಗೆಯ ಬಿಸಿಲು. ಅಂಗಳದಲ್ಲಿ ಹುಣಸೆಹಣ್ಣು ಒಣಹಾಕಿದ್ದರು. ಸಾಹೇಬರು ಅಂಗಳದ ನಡುವೆ ನಿಂತು ಕೈಯಲ್ಲಿದ್ದ ಟ್ಯಾಬ್ ನೋಡಿದರು, ಸುತ್ತ ನೋಡಿದರು, ಮತ್ತೆ ಟ್ಯಾಬ್ ನೋಡಿದರು.

“ನೋಡವ್ವಾ, ದಾಖಲೆ ಪ್ರಕಾರ ನೀ ಈಗ ಕೆರ್ಯಾಗ ನಿಂತಿ.”

ಫಕ್ಕೀರವ್ವ ತನ್ನ ಕಾಲು ನೋಡಿಕೊಂಡಳು. ಆಮೇಲೆ ಸಾಹೇಬರ ಬೂಟು ನೋಡಿದಳು. “ಹಂಗಾರ ನೀವೂ ನಿಂತೀರಲ್ಲರಿ. ತಡೀರಿ, ಒಣಾ ಅರಿವಿ ತರ್ತೇನಿ, ಕಾಲ ಒರಸಿಕೋರಿ.”

“ಚೇಷ್ಟಿ ಬ್ಯಾಡ. ಕೆರಿ ಎಲ್ಲೈತಿ ಹೇಳು.”

“ಅಗಾ ಅಲ್ಲೈತಲ್ಲರಿ, ಎಮ್ಮಿ ಬಿದ್ದಾವ ನೋಡ್ರಿ.”

“ಅದು ಕಣ್ಣಿಗೆ ಕಾಣೂ ಕೆರಿ. ನಾ ಕೇಳಾಕತ್ತಿದ್ದು ದಾಖಲೆ ಕೆರಿ.”

ಶಬಾನಾ ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ನಾನೂ ನಗುತ್ತಿದ್ದೆ. ಆಗ ಸಾಹೇಬರ ಟ್ಯಾಬಿನಲ್ಲಿ ಮೂಲ ಹಾಳೆಯ ಚಿತ್ರ ಕಂಡಿತು. ಮೂಲೆಯಲ್ಲಿ ಕುಂಕುಮದ ಕಲೆ. ಇಪ್ಪತ್ತೆಂಟು ವರ್ಷದ ಹಿಂದಿನ ಗುಡಿಕಟ್ಟೆ, ಗೌಡಪ್ಪಜ್ಜ, ರಬ್ಬರು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಆದರೂ ನಾನು ಅಲ್ಲಿ ಬಾಯಿ ಬಿಡಲಿಲ್ಲ. ನಾಚಿಕೆಗೇಡು, ಆದರೆ ಬರೆಯುತ್ತೇನೆ: ತಪ್ಪು ಯಾರದು ಎಂದು ಗೊತ್ತಿದ್ದವನು ನಾನೊಬ್ಬನೇ, ಬಾಯಿ ಮುಚ್ಚಿಕೊಂಡು ಜೀಪು ಹತ್ತಿದೆ. ಫಕ್ಕೀರವ್ವ ಆ ನೋಟಿಸನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಾವು ಮರೆಯಾಗುವತನಕ ಬಾಗಿಲಲ್ಲಿ ನಿಂತಿದ್ದಳು.

ಮರುದಿನ ಬೆಳಿಗ್ಗೆ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ, ಗೊಂದಲವಾಯಿತು. ಸರ್ವೆಯರನಿಂದ ಊರು ತಿರುಗಿದರೆ ಅದಕ್ಕೆ ನಮೂನೆಯೇ ಇರಲಿಲ್ಲ. ಕಪಾಟು ಹುಡುಕಿ ಕೊನೆಗೆ ಒಂದು ಅರ್ಜಿ ತೆಗೆದರು. ಅದನ್ನು ಮನೆಯ ಮಾಲೀಕರು ತುಂಬಬೇಕು. ಅದರಲ್ಲಿ ಮೊದಲ ಪ್ರಶ್ನೆ: ‘ಕಟ್ಟಡವು ಯಾವಾಗ ಸ್ಥಳ ಬದಲಾಯಿಸಿತು?’

ಆ ಅರ್ಜಿ ಹಿಡಿದು ನಾನೇ ಫಕ್ಕೀರವ್ವನ ಮನೆಗೆ ಹೋದೆ. ತಪ್ಪು ನನ್ನದೆಂದು ಅವಳಿಗೂ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಹಂಗಂದ್ರ ನೀವ ಏನ ನನ್ನ ನೀರಿಗೆ ದೂಡಿದವರು?”

“ಹೌದವ್ವಾ.”

“ಹಂಗಾರ ನೀವ ಎತ್ತಬೇಕಲ್ಲರಿ.” ಪ್ರಶ್ನೆ ಓದಿ ಹೇಳಿದಾಗ ಅವಳು ಒಲೆಯ ಮೇಲಿನ ರೊಟ್ಟಿ ಮಗುಚಿದಳು. “ಬರೀರಿ, ಭೂಮಿ ನಡುಗಿದಾಗೂ ಇದು ಕದಲಿಲ್ಲ ಅಂತ. ನಮ್ಮತ್ತಿ ನನ್ನ ಹೊರಗ ಹಾಕತೇನಿ ಅಂದಾಗೂ ಕದಲಿಲ್ಲ ಅಂತ ಬರೀರಿ.” ನಾನು ‘ಅನ್ವಯಿಸುವುದಿಲ್ಲ’ ಎಂದು ಬರೆದು ಹೆಬ್ಬೆಟ್ಟು ಹಾಕಿಸಿಕೊಂಡೆ. ಹನ್ನೊಂದು ದಿನ ಉಳಿದಿದ್ದವು.

ಇನ್ನು ಊರನ್ನು ತಿರುಗಿಸುವ ಕೆಲಸ. ಇದನ್ನು ಹೊಸಬರು ಗಮನವಿಟ್ಟು ಓದಬೇಕು. ಒಂದು ಆಕಾರವನ್ನು ತೊಂಬತ್ತು ಡಿಗ್ರಿ ತಿರುಗಿಸಲು ಪ್ರತಿ ಮೂಲೆಯ ಎರಡು ಅಂಕಿಗಳನ್ನು ಅದಲುಬದಲು ಮಾಡಿ, ಒಂದಕ್ಕೆ ಮೈನಸ್ ಚಿಹ್ನೆ ಹಾಕಬೇಕು. ಯಾವುದಕ್ಕೆ ಎನ್ನುವುದರ ಮೇಲೆ ಅದು ಗಡಿಯಾರದ ದಿಕ್ಕಿಗೆ ತಿರುಗುತ್ತದೋ ಉಲ್ಟಾ ತಿರುಗುತ್ತದೋ ಎನ್ನುವುದು ನಿಂತಿದೆ. ಶಬಾನಾ ಬಟನ್ ಒತ್ತಲು ಕಾಯುತ್ತಿದ್ದಳು. ಹಿರಿಯನೆಂಬ ಗತ್ತಿನಲ್ಲಿ ನಾನು, “ಮೊದಲನೇದ್ದಕ್ಕ ಹಾಕು,” ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ನಾನು ಕೈ ಅಡ್ಡ ಹಿಡಿದೆ.

ಊರು ಉಲ್ಟಾ ದಿಕ್ಕಿಗೇ ಇನ್ನೊಮ್ಮೆ ತಿರುಗಿ, ತಲೆ ಇದ್ದಲ್ಲಿ ಕಾಲು ಬಂತು. ಫಕ್ಕೀರವ್ವನ ಮನೆ ಕೆರೆಯಿಂದ ಎದ್ದು ಪಡುವಲ ತುದಿಯ ಸ್ಮಶಾನದಲ್ಲಿ ಕುಳಿತಿತು. ನನಗೆ ಮುಖ ತೋರಿಸಲು ಆಗಲಿಲ್ಲ, ಆದರೆ ಪಾಟೀಲ ಸಾಹೇಬರಿಗೆ ಬಹಳ ಸಂತೋಷವಾಯಿತು.

“ಕೆರಿ ಕ್ಲಿಯರ್ ಆತಲ್ಲ! ಸ್ಮಶಾನದ ಒತ್ತುವರಿ ಬ್ಯಾರೆ ಶಾಖೆದವರು ನೋಡ್ತಾರ. ನಮ್ಮದು ಮುಗೀತು.”

ಬೇರೆ ಶಾಖೆಯವರು ಚುರುಕಾಗಿದ್ದರು. ಮೂರೇ ದಿನದಲ್ಲಿ ಅವರದೂ ಒಂದು ನೋಟಿಸ್ ಹೋಯಿತು. ಕೆರೆಯ ನೋಟಿಸನ್ನು ಯಾರೂ ರದ್ದು ಮಾಡಿರಲಿಲ್ಲವಾದ್ದರಿಂದ ಫಕ್ಕೀರವ್ವ ಈಗ ಏಕಕಾಲಕ್ಕೆ ಎರಡೂ ಕಡೆ ಇದ್ದಳು. ಅವಳು ಎರಡನ್ನೂ ಹಿಡಿದುಕೊಂಡು ಕಚೇರಿಗೇ ಬಂದಳು.

“ಸ್ಮಶಾನಕ್ಕ ಹೋಗೂದು ಎಲ್ಲಾರಿಗೂ ಐತ್ರಿ, ನಾ ಇಲ್ಲಂದಿಲ್ಲ. ಆದ್ರ ನಂಗಷ್ಟ ಯಾಕ ಲಗೂ? ಮತ್ತ ಒಲಿ ಸಮೇತ ಯಾಕ?” ನಗುತ್ತಲೇ ಹೇಳಿ, ಎರಡೂ ಕಾಗದ ನನ್ನ ಮೇಜಿನ ಮೇಲೆ ಇಟ್ಟಳು. “ಈ ವಯಸ್ಸಿನ್ಯಾಗ ನಾ ಮತ್ತೊಬ್ಬರ ಮನಿ ಪಡಸಾಲ್ಯಾಗ ಮಲಗೂ ಹಂಗ ಮಾಡಬ್ಯಾಡ್ರಿ ಸಾಹೇಬ್ರ.”

ಮಾರನೆಯ ದಿನ ಆ ತಪ್ಪು ತಿರುವನ್ನು ತೆಗೆಸಿ, ಮೈನಸ್ಸನ್ನು ಸರಿಯಾದ ಕಡೆ ಹಾಕಿಸಿ, ಸರಿಯಾದ ದಿಕ್ಕಿಗೆ ತಿರುಗಿಸಿದೆವು. ಪರದೆಯ ಮೇಲೆ ಕೆಳಗಿನಹಳ್ಳಿಯೇ ಇರಲಿಲ್ಲ. ಕೆರೆ ಇತ್ತು, ಸ್ಮಶಾನ ಇತ್ತು, ನಡುವೆ ಬಯಲು. ಸಾಹೇಬರು ಕನ್ನಡಕ ಒರೆಸಿಕೊಂಡು ನೋಡಿದರು. ಸಂಜೆಗೆ ಹಿರೇಕೆರೂರು ಕಡೆ ಇದ್ದ ನನ್ನ ಹಳೆಯ ಜೊತೆಗಾರನ ಫೋನು ಬಂತು.

“ನಿಮ್ಮದೊಂದು ಊರು ನಮ್ಮ ಗೋವಿನಜೋಳದ ಹೊಲದಾಗ ಬಂದು ಬಿದ್ದೈತಿ ನೋಡಪಾ. ಯಾವಾಗ ಒಯ್ಯತೀರಿ?”

ಹೊಲದ ಯಜಮಾನ ತನ್ನ ಹೊಲದ ದಾಖಲೆಯ ಉತಾರ ತೆಗೆಸಲು ಹೋಗಿದ್ದನಂತೆ. ನಕ್ಷೆಯಲ್ಲಿ ಅವನ ಎರಡೆಕರೆಯ ಮೇಲೆ ಎಪ್ಪತ್ತು ಮನೆ, ಒಂದು ಶಾಲೆ, ಒಂದು ಗುಡಿ. ಅವನು ಅಲ್ಲಿ ಜಗಳ ಮಾಡಲಿಲ್ಲ. ಮೊದಲು ಹೊಲಕ್ಕೆ ಹೋಗಿ ನೋಡಿ ಬಂದನಂತೆ. ಆಮೇಲೆ ಬಂದು, ಮನೆಗಳನ್ನು ಬೇಕಾದರೆ ಒಯ್ಯಿರಿ, ದೇವರು ತಾನಾಗಿ ಬಂದಿದ್ದಾನೆ, ಗುಡಿ ಇರಲಿ ಎಂದನಂತೆ.

ಎಲ್ಲಿ ತಪ್ಪಿತು ಎಂದು ಶಬಾನಾ ತೋರಿಸಿದಳು. ಗೋಡೆಯಲ್ಲಿ ಒಂದು ಮೊಳೆಗೆ ನೇತುಹಾಕಿದ್ದ ಕ್ಯಾಲೆಂಡರನ್ನು ಕೈಯಿಂದ ತಿರುಗಿಸಿದಳು. ಅದು ಅಲ್ಲೇ ಅಡ್ಡ ನಿಂತಿತು. ಆಮೇಲೆ ಒಂದು ಮಾರುದ್ದ ದಾರ ತಂದು, ಒಂದು ತುದಿಯನ್ನು ಕ್ಯಾಲೆಂಡರಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು, ದಾರ ಬಿಗಿಯಾಗಿಟ್ಟು ಕಾಲು ಸುತ್ತು ತಿರುಗಿಸಿದಳು. ಕ್ಯಾಲೆಂಡರ್ ಕಿಟಕಿಯ ಹತ್ತಿರ ಹೋಗಿ ನಿಂತಿತು.

“ತಿರುಗ್ಸೂದು ಒಂದ ಬಟನ್ ರೀ ಸರ್. ಯಾವುದರ ಸುತ್ತ ತಿರುಗ್ಸೂದು ಅನ್ನೂದು ಬಟನ್ನಿಗೆ ಗೊತ್ತಿಲ್ಲ. ನಾವು ಹೇಳ್ಲಿಲ್ಲ ಅಂದ್ರ ಅದು ಚೌಕಳಿಯ ಸೊನ್ನಿ ಮೂಲಿ ಸುತ್ತ ತಿರುಗಸ್ತೈತಿ. ಆ ಸೊನ್ನಿ ಎಷ್ಟೋ ಹರದಾರಿ ಆಚೆ ಐತಿ. ಮೊದಲಿನ ಸಲ ನಾನು ಪರದೇ ಮ್ಯಾಲ ಊರ ನಡುವ ಅಂದಾಜಿನ್ಯಾಗ ಒಂದು ಚುಕ್ಕಿ ಕೊಟ್ಟಿದ್ದೆ. ಈ ಸಲ ನೀವು ಗಡಿಬಿಡಿ ಮಾಡಿದ್ರಿ.”

“ಹಂಗಾರ ಈಗೂ ಅಂದಾಜಿನ್ಯಾಗ ಕೊಡು.”

“ಅಂದಾಜಿನ್ಯಾಗ ಕೊಟ್ರ ಊರು ನಾಕ ಮಾರು ಅತ್ಲಾಗೋ ಇತ್ಲಾಗೋ ಕುಂದರತೈತ್ರಿ. ಒಬ್ಬರ ಪಡಸಾಲಿ ಮತ್ತೊಬ್ಬರ ಬಚ್ಚಲಾಗ ಹೋಗತೈತಿ. ನಿಮ್ಮ ಹಾಳ್ಯಾಗೂ ಇರಬೇಕು, ನೆಲದ ಮ್ಯಾಲೂ ಇರಬೇಕು, ಅಂಥಾದ್ದೊಂದು ಕದಲದ ಜಾಗಾ ಹೇಳ್ರಿ.”

ಮೂವತ್ತೆರಡು ವರ್ಷ ಸರ್ವೆ ಮಾಡಿದ ನನಗೆ ಇಪ್ಪತ್ತನಾಲ್ಕರ ಹುಡುಗಿ ಪಾಠ ಹೇಳಿದಳು, ಹೇಳಿಸಿಕೊಂಡೆ. ಕದಲದ ಜಾಗ ಎಂದರೆ ನಾನು ಹೂಳಿಸಿದ ಮೂರು ಬಾಂದುಗಲ್ಲು. ಗಂಟು ಬಿಚ್ಚಿ ಹಳೆಯ ಟಿಪ್ಪಣಿ ತೆಗೆದುಕೊಂಡು, ಶಬಾನಾಳನ್ನೂ ಅವಳ ಕೋಲನ್ನೂ ಕರೆದುಕೊಂಡು ಕೆಳಗಿನಹಳ್ಳಿಗೆ ಹೋದೆ. ನಾಲ್ಕು ದಿನ ಉಳಿದಿದ್ದವು.

ಗುಡಿಯ ಹತ್ತಿರದ ಕಲ್ಲು ದೇವರಾಗಿತ್ತು. ಬೆಳ್ಳಿಯ ಕಣ್ಣು, ಎಣ್ಣೆ, ಸಿಂಧೂರ. ದೇವರಾಗಿದ್ದರೆ ಚಿಂತೆಯಿರಲಿಲ್ಲ, ಆದರೆ ಬಿಸಿಲು ಬೀಳುತ್ತದೆಂದು ಅದನ್ನು ಬೇವಿನ ಮರದ ಕೆಳಗೆ ಸ್ಥಳಾಂತರಿಸಿದ್ದರು. ಆಡೂರಿನ ಕಡೆ ಸಾವಿರ ವರ್ಷದ ಶಾಸನದ ಕಲ್ಲುಗಳು ಇನ್ನೂ ನಿಂತಿವೆ, ನನ್ನ ಕಲ್ಲು ಮೂವತ್ತು ವರ್ಷ ನಿಲ್ಲಲಿಲ್ಲ. ಕೆರೆ ಏರಿಯ ಕಲ್ಲು ಗೌಡಪ್ಪಜ್ಜನ ಮೊಮ್ಮಗನ ಮನೆಯ ಬಚ್ಚಲಿನಲ್ಲಿ ಸಿಕ್ಕಿತು. ಅದರ ಮೇಲೆ ನಿಂತು ಮೂರು ತಲೆಮಾರು ಕಾಲು ತಿಕ್ಕಿತ್ತು. ಉಳಿದದ್ದು ಮೂಡಲ ತುದಿಯ ಕಲ್ಲು, ಬೇಸ್ ಲೈನ್ ಶುರುವಾದ ಕಲ್ಲು. ಟಿಪ್ಪಣಿಯಲ್ಲಿ ಅದರ ಮುಂದೆ ಎರಡು ಸೊನ್ನೆ ಬರೆದಿದ್ದೆ. ಮುಂದೆ ಸೊನ್ನೆ, ಪಕ್ಕಕ್ಕೆ ಸೊನ್ನೆ. ಎಪ್ಪತ್ತು ಮನೆಗಳನ್ನೂ ಅಲ್ಲಿಂದಲೇ ಅಳೆದದ್ದು. ಫಕ್ಕೀರವ್ವನ ಮನೆಯ ಸುತ್ತ ಬಣವೆ ಸರಿಸಿ, ತಿಪ್ಪೆ ಅಗೆದು ನೋಡಿದೆವು. ಎಲ್ಲೂ ಇರಲಿಲ್ಲ.

ಫಕ್ಕೀರವ್ವ ಕಟ್ಟೆಯ ಮೇಲೆ ಕುಳಿತು ನಾವು ತಿಪ್ಪೆ ಅಗೆಯುವುದನ್ನು ನೋಡುತ್ತಿದ್ದಳು. ಅಂದು ಚೇಷ್ಟೆಯಿರಲಿಲ್ಲ. ನಾವು ಗುದ್ದಲಿ ಕೆಳಗಿಟ್ಟ ಮೇಲೆ ಕೇಳಿದಳು:

“ಸಾಹೇಬ್ರ, ಆ ಕಲ್ಲ ಸಿಗದಿದ್ರ?”

“ಸಿಗದಿದ್ರ ಊರು ಕುಂದರೂದಿಲ್ಲವ್ವಾ. ನಿನ್ನ ಮನಿ ಕೆರ್ಯಾಗ ಉಳೀತೈತಿ. ನಾಕ ದಿನಕ್ಕ ಯಂತ್ರ ಬರತೈತಿ.”

“ಸಿಕ್ಕರ? ಆ ಕಲ್ಲಿನ ಆಚೀಕಡೆ ಯಾರದು ಜಾಗಾ?”

“ಕಲ್ಲಿನ ಮೂಡಲಕ್ಕ ಸರಕಾರದ್ದು.”

“ಅಲ್ಲೇನಾರ ಕಟ್ಟಿದ್ರ, ಇಡೀ ಮನಿ ಹೋಗತೈತೋ, ಅಷ್ಟ ಹೋಗತೈತೋ?”

ನಾನು ಸುಳ್ಳು ಹೇಳಲಿಲ್ಲ. “ಅಷ್ಟ ಹೋಗತೈತಿ. ಉಳಿದಿದ್ದು ನಿಂದ.”

ಅವಳು ಎದ್ದು ಒಳಗೆ ಹೋದಳು, ನಮಗೂ ಬನ್ನಿ ಎಂದು ಕೈ ಮಾಡಿದಳು. ಅಡುಗೆಮನೆಯಲ್ಲಿ ಎರಡನೆಯ ಒಲೆಯ ಪಕ್ಕದಲ್ಲಿ ಉಪ್ಪಿನ ಗಡಿಗೆ ಇತ್ತು. ಅದನ್ನು ಎತ್ತಿದಳು. ಕೆಳಗೆ ನನ್ನ ಕಲ್ಲು, ತಲೆಯ ಮೇಲೆ ನಾನು ಹೊಡೆಸಿದ ಕತ್ತರಿ ಗುರುತಿನ ಸಮೇತ. ಅವಳ ಗಂಡ ಅಡುಗೆಮನೆಯನ್ನು ಮುಂದಕ್ಕೆ ಕಟ್ಟುವಾಗ, ಸರಕಾರದ ಕಲ್ಲು ಕಿತ್ತರೆ ಜೈಲು ಎಂದು ಹೆದರಿ, ಕೀಳದೆ ಒಳಗೇ ಬಿಟ್ಟು ಗೋಡೆ ಕಟ್ಟಿದ್ದನಂತೆ. ಊರಿನ ಉಳಿದವರು ನನ್ನ ಕಲ್ಲುಗಳನ್ನು ದೇವರು ಮಾಡಿದರು, ಬಚ್ಚಲಿಗೆ ಒಯ್ದರು. ಅದನ್ನು ಇಟ್ಟಲ್ಲೇ ಇಟ್ಟವನು ಒತ್ತುವರಿ ಮಾಡಿದವನೊಬ್ಬನೇ.

ಶಬಾನಾ ಕೋಲನ್ನು ಕಲ್ಲಿನ ಮೇಲೆ ನಿಲ್ಲಿಸಿದಳು. ಅಂಕಿ ಬರಲಿಲ್ಲ. ಮೇಲೆ ಹಂಚಿನ ಮಾಡು, ಉಪಗ್ರಹಕ್ಕೆ ಕಲ್ಲು ಕಾಣಿಸಬೇಕಲ್ಲ. ನಾನು ಹೇಳುವ ಮೊದಲೇ ಫಕ್ಕೀರವ್ವ ಸೀರೆ ಎತ್ತಿಕಟ್ಟಿ, ನಿಚ್ಚಣಿಕೆ ಹಾಕಿ ಹತ್ತಿ, ಒಂದೊಂದೇ ಹಂಚು ತೆಗೆದು ನನ್ನ ಕೈಗೆ ಕೊಟ್ಟಳು. ಬಿಸಿಲು ನೇರ ಒಲೆಯ ಮೇಲೆ ಬಿತ್ತು. ಶಬಾನಾಳ ಕೈಯಲ್ಲಿದ್ದ ಪರದೆಯಲ್ಲಿ ಎರಡು ಅಂಕಿ ಮೂಡಿದವು. ಹತ್ತು ಸಲ ತೆಗೆದೆವು, ಹತ್ತೂ ಸಲ ಅವೇ.

ಸಂಜೆ ಕಚೇರಿಯಲ್ಲಿ ಹಾಳೆಯ ಮೇಲಿನ ಸೊನ್ನೆಯನ್ನು ಆ ಎರಡು ಅಂಕಿಗಳ ಮೇಲೆ ಕೂರಿಸಿ, ಆ ಕಲ್ಲಿನ ಸುತ್ತ ಊರನ್ನು ತಿರುಗಿಸಿದೆವು. ಗುಡಿ ಗುಡಿಯ ಮೇಲೆ ಹೋಯಿತು, ಶಾಲೆ ಶಾಲೆಯ ಮೇಲೆ, ಬಾವಿ ಬಾವಿಯ ಮೇಲೆ. ಫಕ್ಕೀರವ್ವನ ಮನೆ ಒಣ ನೆಲಕ್ಕೆ ಬಂತು. ಶಬಾನಾ ಚಪ್ಪಾಳೆ ತಟ್ಟಿದಳು. ಪಾಟೀಲ ಸಾಹೇಬರು ಬಗ್ಗಿ ನೋಡಿ, “ಅಡಿಗಿಮನಿ ಗೆರಿ ದಾಟೇತಲ್ಲ,” ಎಂದರು. ಮರುದಿನ ಮುಂಜಾನೆ ಖುದ್ದಾಗಿ ಹೋಗಿ ನೋಡುವುದಾಗಿ ಬರೆದರು. ಫಕ್ಕೀರವ್ವನಿಗೆ ಫೋನು ಮಾಡಿ ತಿಳಿಸಿದವನು ನಾನೇ.

ಬೆಳಿಗ್ಗೆ ನಾವು ಹೋದಾಗ ನೋಡಲು ಒತ್ತುವರಿಯೇ ಇರಲಿಲ್ಲ. ಅವಳು ತಾನೇ ಗುದ್ದಲಿ ಹಿಡಿದು ಮೂಡಲ ಗೋಡೆ ಕೆಡವಿ, ಕಲ್ಲಿನಿಂದ ಒಂದು ಗೇಣು ಈಚೆಗೆ, ಅದೇ ಮಣ್ಣಿನಲ್ಲಿ ಹೊಸ ಗೋಡೆ ಎಬ್ಬಿಸುತ್ತಿದ್ದಳು. ಸೊಂಟದ ಮಟ್ಟಕ್ಕೆ ಬಂದಿತ್ತು. ಕಲ್ಲು ಹೊರಗೆ ಬಯಲಲ್ಲಿ ಒಂಟಿಯಾಗಿ ನಿಂತಿತ್ತು. ಸಾಹೇಬರು ಟ್ಯಾಬ್ ನೋಡಿ, ಗೋಡೆ ನೋಡಿ, ಜೀವನದಲ್ಲಿ ಮೊದಲ ಸಲ ಎರಡೂ ಒಂದೇ ಇವೆ ಎಂದು ಎರಡೂ ನೋಟಿಸ್ ರದ್ದು ಮಾಡಿದರು.

ತಿಂಗಳ ನಂತರ, ಅವಳ ಹೆಸರಿನ ಪಕ್ಕಾ ನಕ್ಷೆ ಹಿಡಿದು ನಾನೊಬ್ಬನೇ ಹೋದೆ. ಅಡುಗೆಮನೆಯಲ್ಲಿ ಒಂದೇ ಒಲೆ ಉಳಿದಿತ್ತು. ರೊಟ್ಟಿ ಬಡಿಯುವ ಮರದ ಕೊಣಮಿಗೆಗೆ ಜಾಗ ಸಾಲದೆ ಅರ್ಧ ಹೊಸ್ತಿಲ ಮೇಲೆ ಬಂದಿತ್ತು. ಖಾನಾವಳಿಗೆ ಈಗ ಮೊದಲಿನ ಅರ್ಧ ರೊಟ್ಟಿ ಕೊಡುತ್ತೇನೆ ಎಂದಳು, ದೂರಿನಂತೆ ಹೇಳಲಿಲ್ಲ. ನನ್ನ ರಬ್ಬರಿನ ತಪ್ಪಿಗೆ ಅವಳ ಒಲೆ ಹೋಯಿತು ಎಂದು ನನಗೆ ಬಹಳ ಸಂಕಟವಾಯಿತು.

“ತಪ್ಪ ನಂದವ್ವಾ. ನೀ ಸುಮ್ನಿದ್ದಿದ್ರ ಆ ಕಲ್ಲ ಯಾರಿಗೂ ಸಿಗತಿದ್ದಿಲ್ಲ.”

“ಸುಮ್ನಿದ್ದಿದ್ರ ನಾ ಕೆರ್ಯಾಗ ಇರತಿದ್ದೆ. ಚಾ ಕುಡೀರಿ.”

ಒಳಗೆ ಇಬ್ಬರು ಕೂರುವಷ್ಟು ಜಾಗವಿರಲಿಲ್ಲ. ಚಹಾದ ಬಸಿ ಹಿಡಿದುಕೊಂಡು ಹೊರಗೆ ಬಂದೆ. ಅಂಗಳದಲ್ಲಿ ಕೂರಲು ಬೇರೆ ಏನೂ ಕಾಣಲಿಲ್ಲ, ನಾನೇ ಹೂಳಿಸಿದ ಕಲ್ಲಿನ ಮೇಲೆ ಕುಳಿತೆ. ಒಳಗಿಂದ ಅವಳ ದನಿ ಬಂತು:

“ಏಳ್ರಿ, ಏಳ್ರಿ! ಅಲ್ಲಿ ಕುಂದರಬ್ಯಾಡ್ರಿ. ಅದು ಸರಕಾರದ್ದೈತಿ.”

ನಾನು ಎದ್ದು, ನಿಂತುಕೊಂಡೇ ಚಹಾ ಕುಡಿದೆ.